ಚಿಕ್ಕ ಆಸ್ಪತ್ರೆಯ ದೊಡ್ಡ ಹೊಣೆ

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯನ್ನು ಸೇರುವ ದಾರಿ ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದುದೇ. ಸರ್ಕಾರಿ ನೌಕರಿಯ ವರ್ಗಾವಣೆಯ ಕಾರಣದಿಂದ ಬಯಲುಸೀಮೆಯ ಎಷ್ಟೋ ಕುಟುಂಬಗಳು ಕಾರವಾರದಲ್ಲಿ ನಾಲ್ಕಾರು ವರ್ಷ ಸಂಸಾರ ಹೂಡಿ ಬಂದಿವೆ. ಅಲ್ಲಿಯ ಕಡಲ ಸೊಬಗನ್ನೂ ಜನರ ಸೌಜನ್ಯವನ್ನೂ ಅವರು ಬಾಯಿತುಂಬ ಹೊಗಳುತ್ತಾರೆ. ಆದರೆ ಮಾತು ಮುಗಿಯುವ ಮುನ್ನ ಒಂದು ಆತಂಕವನ್ನೂ ಸೇರಿಸುವುದುಂಟು: "ಎಲ್ಲಾ ಛಲೋ ಐತಿ ನೋಡ್ರಿ. ರಾತ್ರ್ಯಾಗ ಏನರ ಜಡ್ಡು ಬಂತಂದ್ರ ಮಾತ್ರ ಎದಿ ಧಸಕ್ ಅಂತೈತಿ."

ಈ ಆತಂಕವು ಹೊರಗಿನಿಂದ ಹೋದವರದಷ್ಟೇ ಅಲ್ಲ. ಆ ನೆಲದವರದೂ ಹೌದು. ಕಾರವಾರದಿಂದ ಮಣಿಪಾಲಕ್ಕೆ 200 ಕಿಲೋಮೀಟರಿಗೂ ಹೆಚ್ಚು ದೂರ. ಹುಬ್ಬಳ್ಳಿಗೆ ಹೋಗುವುದಾದರೆ ಘಟ್ಟ ಹತ್ತಬೇಕು. ಗೋವೆಯ ಬಾಂಬೋಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದಾದರೆ ರಾಜ್ಯದ ಗಡಿ ದಾಟಬೇಕು. ತಲೆಗೆ ಪೆಟ್ಟು ಬಿದ್ದವರನ್ನೂ ಹೃದಯಾಘಾತಕ್ಕೊಳಗಾದವರನ್ನೂ ಈ ಮೂರು ದಿಕ್ಕುಗಳಲ್ಲಿ ಒಂದಕ್ಕೆ ಹೊತ್ತುಕೊಂಡು ಓಡುವುದೇ ಅಲ್ಲಿಯ ವಾಡಿಕೆಯಾಗಿ ಬಂದಿದೆ. 2016ರಲ್ಲಿ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿ ಜಿಲ್ಲಾ ಆಸ್ಪತ್ರೆಯು ಅದರ ಬೋಧನಾ ಆಸ್ಪತ್ರೆಯಾಯಿತಾದರೂ ಜನರ ಬೇಡಿಕೆ ಅಷ್ಟಕ್ಕೆ ತಣಿಯಲಿಲ್ಲ. 2019ರಲ್ಲಿ ಉತ್ತರ ಕನ್ನಡದ ತರುಣರು ತಮ್ಮ ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ದನಿಯೆತ್ತಿದರು. 2022ರ ಜುಲೈ 20ರಂದು ಹೊನ್ನಾವರದಿಂದ ದಕ್ಷಿಣಕ್ಕೆ ರೋಗಿಯನ್ನು ಸಾಗಿಸುತ್ತಿದ್ದ ಆಂಬುಲೆನ್ಸ್, ಬೈಂದೂರು ತಾಲೂಕಿನ ಶಿರೂರು ಟೋಲ್ ನಾಕೆಯಲ್ಲಿ ಮಳೆನೀರಿಗೆ ಜಾರಿ ಉರುಳಿ, ರೋಗಿಯೂ ಸೇರಿ ನಾಲ್ವರು ಪ್ರಾಣ ಕಳೆದುಕೊಂಡಾಗ ಆ ಬೇಡಿಕೆ ಆಕ್ರಂದನವೇ ಆಯಿತು.

ಶಿರೂರು ಎಂಬ ಹೆಸರಿನ ಇನ್ನೊಂದು ಊರು ಅಂಕೋಲೆ ತಾಲೂಕಿನಲ್ಲಿದೆ. 2024ರ ಜುಲೈ 16ರಂದು ಅಲ್ಲಿಯ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ಮನೆಮಾರು, ಜನ, ವಾಹನಗಳೆಲ್ಲ ಗಂಗಾವಳಿಯ ಪಾಲಾದವು. ಹಲವು ದಿನ ಆ ಹೆದ್ದಾರಿ ಮುಚ್ಚಿತ್ತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಿಂದ ಗೋವೆಯ ಕಡೆಗೆ ಹೋಗುವ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಪಕ್ಕದ ಹೊಸ ಸೇತುವೆ ಉಳಿದದ್ದರಿಂದ ಸಂಪರ್ಕ ಪೂರ್ತಿಯಾಗಿ ಕಡಿಯಲಿಲ್ಲವೆಂಬುದೊಂದೇ ಸಮಾಧಾನ. ದಕ್ಷಿಣದ ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯೂ ಉತ್ತರದ ದೊಡ್ಡ ಆಸ್ಪತ್ರೆಗೆ ಒಯ್ಯುವ ದಾರಿಯೂ ಒಂದೇ ಮಳೆಗಾಲದಲ್ಲಿ ಹೀಗೆ ಮುರಿದದ್ದನ್ನು ಕಂಡ ಮೇಲೆ ನಮಗೊಂದು ಮಾತು ಮನವರಿಕೆಯಾಯಿತು. ದೊಡ್ಡ ಆಸ್ಪತ್ರೆಯ ಬೇಡಿಕೆ ನ್ಯಾಯವಾದುದೇ, ಅದು ಈಡೇರಲೇಬೇಕು. ಆದರೆ ಅದು ಈಡೇರುವ ಮುನ್ನವೂ ಈಡೇರಿದ ನಂತರವೂ ರೋಗಿಯ ಮೊದಲ ಗಳಿಗೆಯನ್ನು ಕಾಯುವುದು ಮನೆಗೆ ಹತ್ತಿರದ ಚಿಕ್ಕ ಆಸ್ಪತ್ರೆಯೇ. ಆ ಚಿಕ್ಕ ಆಸ್ಪತ್ರೆ ಎಷ್ಟು ಸುರಕ್ಷಿತ? ಈ ಸಲದ ಅಂಕಣದಲ್ಲಿ ಆ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಮೊದಲು ನಮ್ಮ ಮನೆಯದೇ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಯಜಮಾನರಿಗೆ ಕಾರವಾರಕ್ಕೆ ವರ್ಗವಾಗಿತ್ತು. ಮಗನ ಸಂಸಾರ ನೋಡಲೆಂದು ಹೋದ ತಂಗಿಯ ಅತ್ತೆಯವರಿಗೆ ಆಷಾಢದ ಮಳೆಯಲ್ಲಿ ಜ್ವರ, ಕೆಮ್ಮು, ಉಬ್ಬಸ. ಆ ಕರಾವಳಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಅವರನ್ನು ಸೇರಿಸಲಾಯಿತು. ನ್ಯುಮೋನಿಯಾ ಎಂದು ತಿಳಿಯಿತು. ಸುದ್ದಿ ತಿಳಿದು ನಾವೂ ಘಟ್ಟವಿಳಿದು ಹೋದೆವು. ಹಿರಿಯರಿಗೆ ಹಿಂದೊಮ್ಮೆ ಪೆನಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದುದನ್ನು ತಂಗಿ ವೈದ್ಯರಿಗೆ ಮೊದಲೇ ಹೇಳಿದ್ದಳು. ವೈದ್ಯರೂ ಅದನ್ನು ಬರೆದುಕೊಂಡು ಬೇರೆ ಔಷಧ ಆರಂಭಿಸಿದ್ದರು.

ಎರಡನೆಯ ರಾತ್ರಿ ಎರಡು ಗಂಟೆಯ ಸುಮಾರಿಗೆ ದಾದಿಯೊಬ್ಬಳು ಟ್ರೇ ಹಿಡಿದು ಬಂದು, ಹಿರಿಯರ ಹೆಸರು ಕರೆದು ತೋಳಿಗೆ ಕೈಯಿಟ್ಟಳು. ಎಚ್ಚರವಿದ್ದ ತಂಗಿ ಮೆಲ್ಲಗೆ ಕೇಳಿದಳು: "ಸಿಸ್ಟರ್, ಇದು ಯಾವ ಇಂಜೆಕ್ಷನ್ ರೀ?" ದಾದಿ ಚೀಟಿ ನೋಡಿದಳು. ಮತ್ತೊಮ್ಮೆ ನೋಡಿದಳು. ಅವಳ ಮುಖ ಬಿಳಿಚಿತು. "ಅಕ್ಕಾ, ಇದು ಅವರಿಗಲ್ಲ. ಆಚೆ ಹಾಸಿಗೆಯವರಿಗೆ" ಎಂದಳು. ಆಚೆಯ ಹಾಸಿಗೆಯಲ್ಲಿದ್ದ ಹೆಣ್ಣುಮಗಳ ಹೆಸರೂ ಅದೇ. ಅವಳ ಕೈಯಲ್ಲಿದ್ದುದು ಪೆನಿಸಿಲಿನ್ ಜಾತಿಯ ಔಷಧ.

ಬೆಳಗಾಗುವುದರೊಳಗೆ ನಮ್ಮ ಸಿಟ್ಟು ನೆತ್ತಿಗೇರಿತ್ತು. ಆಸ್ಪತ್ರೆಯವರನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಎದ್ದವರನ್ನು ತಡೆದವಳು ತಂಗಿ. "ಅಣ್ಣಾ, ಬೈಬ್ಯಾಡ್ರಿ. ಆಕಿ ನಿನ್ನಿ ಮುಂಜಾನಿಂದ ಒಬ್ಬಾಕಿನ ಓಡ್ಯಾಡಾಕತ್ತಾಳ." ವಿಚಾರಿಸಿದರೆ ನಿಜವೇ. ರಾತ್ರಿಪಾಳಿಯವಳು ಮಳೆಗೆ ಸಿಕ್ಕು ಬಂದಿರಲಿಲ್ಲ. ಹಗಲುಪಾಳಿ ಮುಗಿಸಿದವಳೇ ಇಡೀ ವಾರ್ಡನ್ನು ರಾತ್ರಿಯೂ ನೋಡಿಕೊಂಡಿದ್ದಳು. ನಾವು ದೂರುವ ಮೊದಲೇ ಅವಳು ನಡೆದುದನ್ನು ತಾನಾಗಿ ವೈದ್ಯರಿಗೆ ಹೇಳಿಬಿಟ್ಟಿದ್ದಳು. ವೈದ್ಯರು ನಮ್ಮಲ್ಲಿಗೆ ಬಂದು ಕ್ಷಮೆ ಕೇಳಿದರು. ನಮ್ಮೆದುರು ಅವಳನ್ನು ಗದರಲಿಲ್ಲ. ಅಂದೇ ಒಂದೇ ಹೆಸರಿನ ಆ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಹಾಕಿಸಿದರು. ಪ್ರತಿ ರೋಗಿಯ ಮಣಿಕಟ್ಟಿಗೆ ಹೆಸರು, ವಯಸ್ಸು, ಊರು ಬರೆದ ಪಟ್ಟಿ ಕಟ್ಟಿಸಿದರು. ಔಷಧ ಒಗ್ಗದವರ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯಲು ಹೇಳಿದರು. ಹೆಚ್ಚು ಖರ್ಚಿನ ಕೆಲಸ ಇದರಲ್ಲಿ ಒಂದೂ ಇರಲಿಲ್ಲ.

ಆ ದಿನ ನಾವು ಕಲಿತ ಪಾಠವೆಂದರೆ ಇದು: ತಪ್ಪೇ ಆಗದ ಆಸ್ಪತ್ರೆ ಲೋಕದಲ್ಲಿಲ್ಲ. ತಪ್ಪನ್ನು ಹೇಳಿಕೊಳ್ಳಲು ಹೆದರಿಕೆಯಿಲ್ಲದ ಆಸ್ಪತ್ರೆ, ಮುಚ್ಚಿಡುವ ಆಸ್ಪತ್ರೆಗಿಂತ ಸುರಕ್ಷಿತ. ಅಂದು ದಾದಿ ಬಾಯಿ ಮುಚ್ಚಿಕೊಂಡಿದ್ದರೆ ಮರುರಾತ್ರಿ ಆ ಎರಡು ಹಾಸಿಗೆಗಳು ಅಲ್ಲಿಯೇ ಇರುತ್ತಿದ್ದವು.

ಈ ಮಾತು ನಮ್ಮ ಕಲ್ಪನೆಯದಲ್ಲ. 1999ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಸಂಸ್ಥೆಯೊಂದು ಪ್ರಕಟಿಸಿದ ವರದಿ, ಆ ಸಿರಿವಂತ ದೇಶದಲ್ಲಿಯೇ ಆಸ್ಪತ್ರೆಗಳ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದೆಂದು ಅಂದಾಜಿಸಿ ಜಗತ್ತನ್ನು ಬೆಚ್ಚಿಬೀಳಿಸಿತು. ಇವುಗಳಲ್ಲಿ ಬಹುಪಾಲು ಕೆಟ್ಟ ಮನುಷ್ಯರು ಮಾಡಿದ ತಪ್ಪುಗಳಲ್ಲ, ಕೆಟ್ಟ ವ್ಯವಸ್ಥೆಯಲ್ಲಿ ಒಳ್ಳೆಯ ಮನುಷ್ಯರು ಮಾಡಿದ ತಪ್ಪುಗಳು ಎಂಬುದು ಅದರ ತಾತ್ಪರ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಪ್ರತಿವರ್ಷ ಸೆಪ್ಟೆಂಬರ್ 17ನ್ನು ರೋಗಿಸುರಕ್ಷಾ ದಿನವನ್ನಾಗಿ ಆಚರಿಸುತ್ತಿರುವುದೂ ಈ ಅರಿವಿನಿಂದಲೇ.

ಹಾಗಾದರೆ ಚಿಕ್ಕ ಆಸ್ಪತ್ರೆ ಮಾಡಬೇಕಾದುದೇನು? ಮೊಟ್ಟಮೊದಲನೆಯದು ಕೈತೊಳೆಯುವುದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಶವಪರೀಕ್ಷೆ ಮುಗಿಸಿ ಬರುವ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಕಟ್ಟುಮಾಡಿದನು. ಬಾಣಂತಿ ಸನ್ನಿಯ ಸಾವುಗಳು ಕೆಲವೇ ತಿಂಗಳಲ್ಲಿ ಗಣನೀಯವಾಗಿ ಇಳಿದವು. ಆದರೂ ಅವನ ಕಾಲದ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಇಂದು ಒಪ್ಪದವರಿಲ್ಲ, ಆದರೆ ಆಚರಣೆಗೆ ತರುವವರು ಕಡಿಮೆ. ನಲ್ಲಿಯಲ್ಲಿ ನೀರಿದೆಯೇ, ಪಕ್ಕದಲ್ಲಿ ಸಾಬೂನಿದೆಯೇ ಎಂಬೆರಡು ಪ್ರಶ್ನೆಗಳಿಂದಲೇ ಒಂದು ಆಸ್ಪತ್ರೆಯ ಅರ್ಧ ಯೋಗ್ಯತೆಯನ್ನು ಅಳೆಯಬಹುದು.

ಎರಡನೆಯದು, ಸರಿಯಾದ ರೋಗಿಗೆ, ಸರಿಯಾದ ಔಷಧ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ದಾರಿಯಿಂದ, ಸರಿಯಾದ ಹೊತ್ತಿಗೆ ಎಂಬ ಪಂಚಸೂತ್ರ. ದಾದಿಯರ ಶಿಕ್ಷಣದಲ್ಲಿ ಇದು ಮೊದಲ ಪಾಠ. ಕಾರವಾರ, ಅಂಕೋಲೆಗಳಲ್ಲಿ ಇದಕ್ಕೊಂದು ವಿಶೇಷ ತೊಡಕುಂಟು. ಒಂದು ಹಾಸಿಗೆಯಲ್ಲಿ ಕೊಂಕಣಿ ಮಾತನಾಡುವ ಮೀನುಗಾರ, ಮತ್ತೊಂದರಲ್ಲಿ ತಮ್ಮದೇ ಬನಿಯ ಕನ್ನಡವಾಡುವ ಹಾಲಕ್ಕಿ ಅಜ್ಜಿ, ಇನ್ನೊಂದರಲ್ಲಿ ಧಾರವಾಡದ ಕಡೆಯ ನಮ್ಮವರು. "ಊಟದ ಮೊದಲು ಅರ್ಧ ಗುಳಿಗೆ" ಎಂದು ಹೇಳಿದರಷ್ಟೇ ಸಾಲದು. ಹೇಳಿದುದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸಬೇಕು. ಈ ಒಂದು ಪದ್ಧತಿ ಎಷ್ಟೋ ಅನಾಹುತಗಳನ್ನು ತಪ್ಪಿಸಬಲ್ಲದು.

ಮೂರನೆಯದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದುದು. ರೋಗಿ ಯಾರು, ಯಾವ ಅಂಗಕ್ಕೆ ಶಸ್ತ್ರಕ್ರಿಯೆ, ಯಾವ ಔಷಧ ಒಗ್ಗದು, ಹೊಲಿಗೆ ಹಾಕುವ ಮುನ್ನ ಹತ್ತಿಬಟ್ಟೆ, ಸೂಜಿಗಳ ಎಣಿಕೆ ಸರಿಯಾಯಿತೇ ಎಂದು ಗಟ್ಟಿಯಾಗಿ ಓದಿ ಗುರುತು ಹಾಕುವ 19 ಅಂಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದೆ. ದೆಹಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳು ಶೇಕಡಾ 11ರಿಂದ 7ಕ್ಕೂ, ಸಾವುಗಳು ಶೇಕಡಾ 1.5ರಿಂದ 0.8ಕ್ಕೂ ಇಳಿದವು. ಒಂದು ಹಾಳೆ ಕಾಗದ ಇಷ್ಟು ಮಾಡಿತು.

ಹಾಗೆಂದು ಕಾಗದವೇ ಸರ್ವಸ್ವವೆಂದು ನಾವು ಹೇಳುತ್ತಿಲ್ಲ. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧದಷ್ಟು ಕೇಂದ್ರಗಳಲ್ಲಿ ಹೆರಿಗೆಯ ಸುರಕ್ಷಾ ಪಟ್ಟಿಯನ್ನು ಕಲಿಸಿ, ಬೆನ್ನಿಗೆ ನಿಂತು ಮಾರ್ಗದರ್ಶನ ಮಾಡಲಾಗಿತ್ತು. ದಾದಿಯರ ಕೆಲಸದ ರೀತಿ ಸುಧಾರಿಸಿತು. ಆದರೆ ತಾಯಿ ಮಕ್ಕಳ ಸಾವು ಇಳಿಯಲಿಲ್ಲ. ರಕ್ತ, ಔಷಧ, ನುರಿತ ವೈದ್ಯರು, ಹೊತ್ತಿಗೆ ಸರಿಯಾಗಿ ದೊರೆಯುವ ವಾಹನ ಇವುಗಳ ಜಾಗವನ್ನು ಪಟ್ಟಿಯೊಂದೇ ತುಂಬಲಾರದು. ಆದ್ದರಿಂದ "ಇದ್ದುದರಲ್ಲಿಯೇ ಸುಧಾರಿಸಿಕೊಳ್ಳಿ" ಎಂದು ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. "ದೊಡ್ಡ ಆಸ್ಪತ್ರೆ ಬರುವವರೆಗೆ ನಮ್ಮಿಂದಾಗದು" ಎಂದು ಚಿಕ್ಕ ಆಸ್ಪತ್ರೆ ಕೈ ಚೆಲ್ಲುವಂತೆಯೂ ಇಲ್ಲ.

ಔಷಧದ ಗುಣಮಟ್ಟದ ವಿಷಯದಲ್ಲಿ ನಾಡಿಗೆ ನಾಡೇ ತಲ್ಲಣಿಸಿದ ಘಟನೆ 2024ರ ಕೊನೆಯಲ್ಲಿ ನಡೆಯಿತು. ಕರಾವಳಿಯಿಂದ ಬಹುದೂರದ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ಏರಿಸಿದ್ದ ದ್ರಾವಣದ ಬಾಟಲಿಗಳ ಮೇಲೆ ಶಂಕೆ ಮೂಡಿ ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಅಂಥ ಹೊತ್ತಿನಲ್ಲಿ ಯಾವ ರೋಗಿಗೆ ಯಾವ ಸಂಖ್ಯೆಯ ಬಾಟಲಿ ಏರಿಸಿದರೆಂಬ ಬರಹ ಪ್ರತಿ ಆಸ್ಪತ್ರೆಯಲ್ಲಿಯೂ ಇದ್ದರೆ ಮಾತ್ರ ಉಳಿದವರನ್ನು ಕಾಪಾಡಲು ಸಾಧ್ಯ. ದಫ್ತರ ಬರೆಯುವುದು ಗುಮಾಸ್ತಿಕೆಯಲ್ಲ, ಅದೂ ಚಿಕಿತ್ಸೆಯೇ.

ನಾಲ್ಕನೆಯದು, ಎಲ್ಲಕ್ಕಿಂತ ಕಠಿಣವಾದುದು: ತನ್ನಿಂದ ಏನಾಗುತ್ತದೆ, ಏನಾಗದು ಎಂಬ ಅರಿವು. ಅಂಕೋಲೆಯ ಕಾಡಂಚಿನ ಹಳ್ಳಿಯಲ್ಲಿ ಹಾವು ಕಚ್ಚಿದವನಿಗೆ ಮೊದಲ ಆಸ್ಪತ್ರೆಯಲ್ಲಿಯೇ ವಿಷನಿರೋಧಕ ಔಷಧ ಕೊಡಬೇಕು; ಅದನ್ನು ಬಿಟ್ಟು ಅವನನ್ನು ಘಟ್ಟ ಹತ್ತಿಸಿದರೆ ದಾರಿಯಲ್ಲಿಯೇ ಹೊತ್ತು ಮೀರುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಎಲ್ಲ ಆಸ್ಪತ್ರೆಗಳೂ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿದೆ. ತಲೆಯೊಳಗೆ ರಕ್ತಸ್ರಾವವಾದವನ ಮಾತು ಬೇರೆ. ಅವನನ್ನು "ಬೆಳಗಿನವರೆಗೆ ನೋಡೋಣ" ಎಂದು ಇಟ್ಟುಕೊಳ್ಳುವುದು ಅಪಾಯ. ಕಳಿಸುವುದಾದರೆ ಹೇಗೆ ಕಳಿಸಬೇಕು? ಬರಿಗೈಯಲ್ಲಿ ಅಲ್ಲ. ಕಾಯಿಲೆ ಏನು, ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಡಲಾಯಿತು, ರಕ್ತದೊತ್ತಡ ಎಷ್ಟಿತ್ತು, ರಕ್ತದ ಗುಂಪು ಯಾವುದು ಎಂದು ಬರೆದ ಪತ್ರ ಜೊತೆಗಿರಬೇಕು. ಹೋಗುವ ಆಸ್ಪತ್ರೆಗೆ ಮೊದಲೇ ದೂರವಾಣಿ ಮಾಡಿ ಹಾಸಿಗೆ ಇದೆಯೇ ಎಂದು ಕೇಳಿರಬೇಕು. ಆಂಬುಲೆನ್ಸಿನಲ್ಲಿ ಆಮ್ಲಜನಕವೂ ತರಬೇತಾದ ಒಬ್ಬರೂ ಇರಬೇಕು. ಕರ್ನಾಟಕದಲ್ಲಿ 108ರ ಸೇವೆ 2008ರಿಂದ ಇದೆ. ಆದರೆ 200 ಕಿಲೋಮೀಟರ್ ಓಡಿದ ಮೇಲೆ "ಇಲ್ಲಿ ಜಾಗವಿಲ್ಲ" ಎಂಬ ಮಾತು ಕೇಳಿದವರ ಸಂಕಟವನ್ನು ಯಾವ ಗಾಡಿಯೂ ತೀರಿಸದು.

ಇನ್ನು ಕಾನೂನಿನ ಮಾತು. ಕುಟುಂಬದ ಹಿರಿಯರು ತಿಳಿದಿರಬೇಕಾದುದು. ತುರ್ತುಸ್ಥಿತಿಯಲ್ಲಿ ಬಂದವರ ಜೀವ ಉಳಿಸಲು ಯತ್ನಿಸುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ವೈದ್ಯನ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣೆಯ ವ್ಯಾಪ್ತಿಗೆ ಬರುತ್ತದೆಂದು 1995ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಯಾರಿಂದಲೂ ಹಣ ಪಡೆಯದೆ ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಮಾತ್ರ ಅದರ ಹೊರಗೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಲ್ಲಿ ಬಂದು 2017ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಖಾಸಗಿ ಆಸ್ಪತ್ರೆಗಳು ನೋಂದಣಿ ಹೊಂದಿರಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು, ರೋಗಿಯ ಹಕ್ಕುಗಳನ್ನು ಮನ್ನಿಸಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ರಾಷ್ಟ್ರೀಯ ಗುಣಮಟ್ಟದ ಮಾನದಂಡಗಳಿವೆ. ಸ್ವಚ್ಛತೆಗಾಗಿ 2015ರಿಂದ ಕಾಯಕಲ್ಪ ಪ್ರಶಸ್ತಿಯೂ ಇದೆ. ಇವಲ್ಲದೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿರುತ್ತವೆ. ಊರಿನ ತಿಳಿದವರು ಅದರಲ್ಲಿ ಆಸಕ್ತಿ ವಹಿಸಿ, ನೀರು, ದೀಪ, ಜನರೇಟರ್, ದಾದಿಯರ ಪಾಳಿ ಇವುಗಳ ಬಗೆಗೆ ಕೇಳುತ್ತಿದ್ದರೆ ಎಷ್ಟೋ ಕೆಲಸ ತಾನಾಗಿ ಆಗುವುದು.

ಹಕ್ಕಿನ ಮಾತಾಡಿದ ಮೇಲೆ ನಮ್ಮ ಮನೆಗಳ ಕಡೆಗೂ ನೋಡಿಕೊಳ್ಳಬೇಕು. ಒಬ್ಬರು ಆಸ್ಪತ್ರೆ ಸೇರಿದರೆ ಹದಿನೈದು ಜನ ಬುತ್ತಿ ಕಟ್ಟಿಕೊಂಡು ಹೋಗಿ ಹಾಸಿಗೆಯ ಸುತ್ತ ಕೂಡ್ರುವುದು ನಮ್ಮ ಕಡೆಯ ಪ್ರೀತಿಯ ರೀತಿ. ಆ ಪ್ರೀತಿಯೊಂದಿಗೆ ರೋಗಾಣುಗಳೂ ಹೋಗುತ್ತವೆ. ನೋಡಲು ಹೋದವರು ಕೈ ತೊಳೆದುಕೊಂಡು, ಹಾಸಿಗೆಯ ಮೇಲೆ ಕೂಡ್ರದೆ, ಕೈಗೂಸುಗಳನ್ನು ಒಯ್ಯದೆ, ಐದು ನಿಮಿಷ ಮಾತಾಡಿಸಿ ಬರುವುದೇ ಹಿತ. "ಸಲಾಯಿನ್ ಹಚ್ಚದಿದ್ದರೆ ಅದೆಂಥ ಡಾಕ್ಟರ್?" ಎಂದು ಒತ್ತಾಯಿಸಿ ಬೇಡದ ಸೂಜಿಯನ್ನು ಬೇಡಿ ಚುಚ್ಚಿಸಿಕೊಳ್ಳುವ ಚಾಳಿಯನ್ನೂ ಬಿಡಬೇಕು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ತಿಳಿಯದಿದ್ದರೆ ಓದಿಸಿ ಕೇಳಬೇಕು.

ಪ್ರತಿ ಮನೆಯಲ್ಲಿಯೂ ಹಿರಿಯರ ಹೆಸರಿನಲ್ಲಿ ಒಂದೊಂದು ಹಾಳೆ ಬರೆದಿಡಿರೆಂದು ನಮ್ಮ ತಾಯಂದಿರಲ್ಲಿ ವಿಶೇಷವಾಗಿ ವಿನಂತಿಸುತ್ತೇವೆ. ದಿನಾಲು ನುಂಗುವ ಗುಳಿಗೆಗಳು ಯಾವುವು, ಒಗ್ಗದ ಔಷಧ ಯಾವುದು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದೆಯೇ, ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿದೆ, ರಕ್ತದ ಗುಂಪು ಯಾವುದು ಎಂಬಿಷ್ಟು ಸಾಕು. ನಡುರಾತ್ರಿ ಗಾಬರಿಯಲ್ಲಿ ಓಡುವಾಗ ನೆನಪು ಕೈಕೊಡುತ್ತದೆ, ಬರೆದಿಟ್ಟ ಹಾಳೆ ಕೈಕೊಡದು.

ಕೊನೆಯದಾಗಿ, ಕೇಳುವ ರೀತಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಈ ಗಾದೆಯ ಎರಡನೆಯ ಅರ್ಧಕ್ಕೇ ಬೆಲೆ ಹೆಚ್ಚು. ವೈದ್ಯರ ಮೇಲೆ, ದಾದಿಯರ ಮೇಲೆ ಕೈಮಾಡುವುದು 2009ರ ಕಾನೂನಿನ ಪ್ರಕಾರ ನಮ್ಮ ರಾಜ್ಯದಲ್ಲಿ ಶಿಕ್ಷಾರ್ಹ ಅಪರಾಧ. ಅದಕ್ಕಿಂತಲೂ ಮಿಗಿಲಾಗಿ ಅದು ತಪ್ಪುಗಳನ್ನು ಮುಚ್ಚಿಡುವುದನ್ನು ಕಲಿಸುವ ವಿದ್ಯೆ. ಹೊಡೆತಕ್ಕೆ ಹೆದರಿದ ಆಸ್ಪತ್ರೆ ಗಂಭೀರ ರೋಗಿಯನ್ನು ಮುಟ್ಟದೆಯೇ ದೊಡ್ಡ ಊರಿಗೆ ಸಾಗಹಾಕುತ್ತದೆ. ಆ ಸಾಗಹಾಕಿದ ಗಾಡಿಯೊಳಗೆ ಇರುವವರು ನಮ್ಮವರೇ ಆಗಿರುತ್ತಾರೆ.

ತಂಗಿಯ ಅತ್ತೆಯವರು ಹತ್ತು ದಿನಗಳಲ್ಲಿ ಗುಣವಾಗಿ ಮನೆಗೆ ಬಂದರು. ಹೊರಡುವ ದಿನ ಆ ದಾದಿಯ ಕೈ ಹಿಡಿದು, "ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ" ಎಂದು ಹರಸಿದರು. ಅವಳ ಕಣ್ಣು ತುಂಬಿ ಬಂದವು. ನಮ್ಮ ಸಿಟ್ಟಿನಿಂದ ಆಗದ ಕೆಲಸ ಒಂದು ಮೆಲುದನಿಯ ಪ್ರಶ್ನೆಯಿಂದಲೂ ಒಂದು ಪ್ರಾಮಾಣಿಕ ಉತ್ತರದಿಂದಲೂ ಆಗಿತ್ತು. "ಸಿಸ್ಟರ್, ಇದು ಯಾವ ಇಂಜೆಕ್ಷನ್ ರೀ?" ಈ ಐದು ಮಾತುಗಳನ್ನು ನಮ್ಮ ಮನೆಮನೆಯ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅಳುಕಿಲ್ಲದೆ, ಅಹಂಕಾರವಿಲ್ಲದೆ ಕೇಳಲು ಕಲಿಯಲಿ. ಅದಕ್ಕೆ ಮುಖ ಸಿಂಡರಿಸದೆ ಉತ್ತರಿಸುವ ಚಿಕ್ಕ ಆಸ್ಪತ್ರೆಗಳು ಕಾರವಾರದಲ್ಲಿ, ಅಂಕೋಲೆಯಲ್ಲಿ, ನಾಡಿನ ಎಲ್ಲ ಊರುಗಳಲ್ಲಿಯೂ ಹೆಚ್ಚಲಿ ಎಂದು ಹಾರೈಸುತ್ತೇವೆ.